ಕೆರೆಯಂಗಳದ ಮೊದಲ ರಾಕೆಟ್

ಅಕ್ಕೂರು
೧೬ ಜನವರಿ ೨೦೨೫

ಕೆಹಕಶಾನ್,

ಮೊದಲು ಬೈದುಬಿಡುತ್ತೇನೆ, ಕ್ಷೇಮ ಆಮೇಲೆ ಕೇಳುತ್ತೇನೆ. ಬೀದರ್ ಅಂದರೆ ಬೇರೆ ದೇಶವೇನೇ? ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆದ ಕೂಡಲೇ ಚನ್ನಪಟ್ಟಣದ ದಾರಿ ಮರೆತುಹೋಯಿತಾ? ಫೋನ್ ಮಾಡಬಹುದಿತ್ತು, ನಿಜ. ಆದರೆ ನಾವಿಬ್ಬರೂ ಫೋನ್ ಹಿಡಿದರೆ ಸ್ವಲ್ಪ ಹೊತ್ತಿಗೇ ಜಗಳ ಹತ್ತಿಕೊಳ್ಳುತ್ತೆ, ಯಾರಾದರೊಬ್ಬರು ಪಟ್ಟಂತ ಇಟ್ಟುಬಿಡುತ್ತೇವೆ. ಕಾಗದವಾದರೆ ನೀನು ಕೊನೆಯ ತನಕ ಓದಲೇಬೇಕು.

ಈಗ ಕ್ಷೇಮ. ನಿಮ್ಮಪ್ಪ ಗೌಸ್ ಚಾಚಾ ಹೇಗಿದ್ದಾರೆ? ಅಕ್ಬರಿ ಚಾಚಿಯ ಮಂಡಿನೋವು? ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವಾಗ ಅವ್ವ ನಿಮ್ಮ ಮನೆಯವರನ್ನೆಲ್ಲ ನೆನೆಸಿಕೊಂಡಳು. "ಆ ಸಾಬ್ರು ಇಲ್ಲೇ ಇದ್ದಿದ್ರೆ ಒಂದ್ ಲಟ್ಟಣಿಗೆನಾದ್ರೂ ಮಾಡ್ಕೊಡೋರು, ಅಂಗಡಿಯವು ಕೈಲೇ ನಿಲ್ಲಾಕಿಲ್ಲ" ಅಂದಳು. ಅವ್ವನ ಪ್ರೀತಿ ಬರುವುದೇ ಹೀಗೆ, ಕೆಲಸದ ಬೆನ್ನೇರಿ.

ವಿಷಯ ಏನಪ್ಪಾ ಅಂದರೆ, ನಮ್ಮ ರಾಕೆಟ್ ಕ್ಲಬ್ಬಿಗೆ ಈ ಬೇಸಿಗೆಗೆ ಹದಿನೈದು ವರ್ಷ ತುಂಬುತ್ತೆ. ನಗಬೇಡ. ರೇಣುಕಾಪ್ರಸಾದ್ ಸರ್ ಕಾಲೇಜಿನಿಂದ ರಿಟೈರ್ ಆದರೂ ಭಾನುವಾರ ತಪ್ಪದೆ ಸ್ಕೂಟರಿನಲ್ಲಿ ಬರುತ್ತಾರೆ, ಎಂಜಿನ್ನುಗಳನ್ನು ಇವತ್ತಿಗೂ ಅವರೇ ತರಿಸಿ ಅವರೇ ಬೀಗ ಹಾಕಿ ಇಡುತ್ತಾರೆ. ಮಕ್ಕಳು ಅಕ್ಕೂರಿನವರಷ್ಟೇ ಅಲ್ಲ, ಪಟ್ಟಣದಿಂದಲೂ ಬರುತ್ತಾರೆ. ರಾಕೆಟ್ ಹಾರಿಸುವ ಮೊದಲು ಹುಳದ ಮನೆಗಳಿಗೆ ಹೋಗಿ ಕೇಳಿಬರುವ ಪದ್ಧತಿ ಇನ್ನೂ ಇದೆ. ರೇಷ್ಮೆ ಹುಳಕ್ಕೆ ಹೊಗೆ ಆಗದು ಅಂತ ಎಷ್ಟು ಹೇಳಿದರೂ ಪಟ್ಟಣದ ಮಕ್ಕಳಿಗೆ ನಗು. ದಾಸಪ್ಪಣ್ಣನ ಮೊಮ್ಮಗಳು ಧನುಶ್ರೀ, ಒಂಬತ್ತನೇ ಕ್ಲಾಸು, ಭಾರಿ ಚೂಟಿ. ಅವಳೇ ಎಲ್ಲರನ್ನೂ ಎಳೆದುಕೊಂಡು ಮನೆಮನೆಗೆ ಹೋಗಿ, "ಅಜ್ಜಿ, ಗೂಡು ಕಟ್ಟೋಕೆ ಹುಳ ಚಂದ್ರಿಕೆಗೆ ಬುಟ್ಟಾಯ್ತಾ? ನಾವ್ ಹಾರಿಸ್ಬೋದಾ?" ಅಂತ ಕೇಳುತ್ತಾಳೆ. ಅದನ್ನು ನೋಡುವಾಗ ನನಗೆ ನಾವಿಬ್ಬರೇ ಕಾಣುತ್ತೇವೆ.

ಮೇ ಹದಿನೆಂಟರ ಭಾನುವಾರ ಒಂದು ಸಣ್ಣ ಸಮಾರಂಭ. ಅದಕ್ಕೆ ಮೊದಲ ದಿನಗಳ ಬಗ್ಗೆ ನೀನೊಂದು ಪುಟ ಬರೆದುಕೊಡು, ಮಕ್ಕಳಿಗೆ ಓದಿ ಹೇಳುತ್ತೇನೆ. ರಜೆ ಇರುತ್ತಲ್ಲ, ಚಾಚಾ ಚಾಚಿಯನ್ನು ಕರೆದುಕೊಂಡು ಬಾ. ಬರಲ್ಲ ಅಂತ ಬರೆಯುವುದಾದರೆ ಬರೆಯಲೇಬೇಡ.

ನಿನ್ನ
ಭಾನುಪ್ರಿಯ

---

ಬೀದರ್
೨ ಫೆಬ್ರವರಿ ೨೦೨೫

ಭಾನು,

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಒಡೆದು ಓದಿ ಗಟ್ಟಿಯಾಗಿ ನಕ್ಕುಬಿಟ್ಟೆ. ಹೆಡ್ ಮಾಸ್ಟರು ಕನ್ನಡಕದ ಮೇಲಿಂದ ನೋಡಿದರು. ಸಂಜೆ ಅಬ್ಬಾಗೆ ಓದಿ ಹೇಳಿದೆ. ಲಟ್ಟಣಿಗೆ ವಿಷಯ ಕೇಳಿ ಅಂಗೈ ಬಿಚ್ಚಿ ನೋಡಿಕೊಂಡರು. ಕೈ ನಡುಗುತ್ತೆ ಭಾನು, ಉಳಿ ಹಿಡಿಯೋಕೆ ಆಗಲ್ಲ. ಬೆಳಿಗ್ಗೆ ಎದ್ದು ಇಲ್ಲಿನ ಬಿದರಿ ಕೆಲಸದವರ ಅಂಗಡಿ ಬಾಗಿಲಲ್ಲಿ ಕೂತು ಬರುತ್ತಾರೆ, ಬಂದವರೇ ಅಮ್ಮಿಯ ಹತ್ತಿರ ದೂರು: "ಕರೀದು ಬಿಟ್ರೆ ಬೇರೆ ಬಣ್ಣಾನೇ ಇಲ್ವಾ ಇವ್ರಿಗೆ?" ಮನೆಯಲ್ಲಿ ನಾವು ಉರ್ದುವಿನಲ್ಲಿ ಆಡುವ ಮಾತು ಇದು, ನಿನಗಾಗಿ ನಮ್ಮೂರಿನ ಕನ್ನಡ ಮಾಡಿದ್ದೇನೆ.

ಪುಟ ಬರೆದಿದ್ದೇನೆ, ಮಕ್ಕಳಿಗೆ ಓದು.

"ಕೆರೆಯಲ್ಲಿ ಆಗ ನೀರಿರಲಿಲ್ಲ. ಒಣಗಿ ಬಿರಿದ ಮಣ್ಣಿನ ಮೇಲೆ ಜಾಲಿ ಗಿಡ, ಜಾಲಿಯ ನೆರಳಿನಲ್ಲಿ ಆಡು. ಅಲ್ಲಿಂದ ನೋಡಿದರೆ ಆಕಾಶ ತುಂಬ ಹತ್ತಿರ ಇತ್ತು. ಬಟ್ಟೆ ಅಂಗಡಿಯ ರಟ್ಟಿನ ಕೊಳವೆಯೇ ರಾಕೆಟ್ಟಿನ ಮೈ. ನಿಮ್ಮ ಭಾನು ಅಕ್ಕನ ಅವ್ವ ಕೆಂಚಮ್ಮನವರ ಹಳೇ ರೇಷ್ಮೆ ಸೀರೆಯ ಸೆರಗು ಅದರ ಪ್ಯಾರಾಚೂಟ್. ಸೆರಗು ಹೋದದ್ದು ಅವರಿಗೆ ದೀಪಾವಳಿಗೆ ಗೊತ್ತಾಯಿತು. ತುದಿಯ ಚೂಪು ಮೂಗನ್ನು ಆಟಿಕೆ ಮಾಡುವ ನಮ್ಮ ಅಬ್ಬಾ ಆಲೆಮರದಲ್ಲಿ ಲೇತಿಗೆ ಕೊಟ್ಟು ಮಾಡಿದರು. ಕೆಂಪು, ಹಳದಿ, ಮತ್ತೆ ಕೆಂಪು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಬಣ್ಣ ಕರಗಿ ಹತ್ತುತ್ತಿತ್ತು, ತಾಳೆಗರಿಯಲ್ಲಿ ಒತ್ತಿ ಉಜ್ಜಿದಾಗ ಅದರಲ್ಲಿ ನನ್ನ ಮುಖ ಕಾಣುತ್ತಿತ್ತು. ಕೊಳವೆಯ ಒಳಗೆ ಕೂರುವ ಮೂಗಿನ ಕತ್ತಿಗೂ ಅಷ್ಟೇ ಬಣ್ಣ, ಅಷ್ಟೇ ಹೊಳಪು.

ಅದು ಹಾರಿದ ದಿನ ನಾನು ಅಲ್ಲಿರಲಿಲ್ಲ. ಮೈತುಂಬ ಸೀತಾಳೆ ಎದ್ದು, ಜ್ವರ ಬಂದು ಮಲಗಿದ್ದೆ. ನನ್ನ ಬದಲು ಅಬ್ಬಾ ಹೋಗಿದ್ದರು. ಸಂಜೆ ಬಂದು ಬಾಗಿಲ ಹತ್ತಿರವೇ ಕೂತು ಹೇಳಿದರು. 'ಮೇಲಕ್ಕೋಯ್ತು ಬೇಟಿ, ಕಣ್ಣಿಗೇ ಕಾಣ್ದಂಗೆ ಹೋಯ್ತು. ಆಮೇಲೆ ಮೂಗು ಕಳಚ್ಕೊಂಡು ಸೆರಗು ಆಚೆ ಬಂತು. ನಿಮ್ಮಮ್ಮ ಒಣಾಕಿದ ದುಪಟ್ಟಾದಾಗೆ ಗಾಳಿ ತುಂಬ್ಕೊಂಡು ನಿಲ್ಲುತ್ತಲ್ಲ, ಹಂಗೆ ನಿಂತ್ಕೊಳ್ತು. ಇಳಿಯೋಕೆ ಮನಸ್ಸೇ ಇಲ್ದಂಗೆ ಇಳೀತು.' ನಾನು ಕಣ್ಣು ಮುಚ್ಚಿ ಕೇಳಿದೆ. ನಾನು ನೋಡಿದ ರಾಕೆಟ್ಟುಗಳಲ್ಲಿ ಅದರಷ್ಟು ಚಂದ ಯಾವುದೂ ಇಳಿದಿಲ್ಲ. ಹದಿನೈದನೇ ವರ್ಷದ ರಾಕೆಟ್ಟಿಗೆ ನೀವೂ ಹಾಗೇ ಮೂಗು ಮಾಡಿಸಿ. ಕತ್ತಿನ ತನಕ ಪೂರ್ತಿ ಬಣ್ಣ ಹಚ್ಚಿಸಿ."

ಇಷ್ಟು ಮಕ್ಕಳಿಗೆ. ಇನ್ನು ಮುಂದಿನದು ನಿನಗೊಬ್ಬಳಿಗೆ. ಆ ಮೊದಲ ಮೂಗು ಆದಮೇಲೆ ಅಬ್ಬಾ ಮಾಡಿಕೊಟ್ಟ ಯಾವ ಮೂಗಿಗೂ ಕತ್ತಿಗೆ ಬಣ್ಣ ಹಚ್ಚಲಿಲ್ಲ, ನೆನಪಿದೆಯಾ? ಬೋಳು ಮರ. ಗಿಲಕಿಗೆ, ಬುಗುರಿಗೆ, ಯಾರೋ ಕಾಣದ ಗಿರಾಕಿಯ ಬಳೆಗೆ ಒಳಗೂ ಹೊರಗೂ ಬಣ್ಣ. ನನ್ನ ರಾಕೆಟ್ಟಿಗೆ ಮಾತ್ರ ಅರ್ಧ ಕೆಲಸ. ಒಂದು ಸಲ ಸಿಟ್ಟಿನಲ್ಲಿ ಕೇಳಿಯೂ ಬಿಟ್ಟಿದ್ದೆ, "ನನ್ನ ಕೆಲಸ ಅಂದ್ರೆ ನಿಮಗೆ ಇಷ್ಟೇ ಅಲ್ವಾ?" ಅಂತ. ಅವರು ಲೇತಿನ ಕಡೆ ತಿರುಗಿದರು. ಮೊದಲನೆಯದಕ್ಕೆ ಅಷ್ಟು ಮನಸ್ಸಿಟ್ಟು ಮಾಡಿದವರಿಗೆ ಆಮೇಲೆ ಮನಸ್ಸು ಯಾಕೆ ಹೋಯಿತು? ಹೆಣ್ಣುಮಗಳು ಬಿಸಿಲಲ್ಲಿ ಕೆರೆಯಂಗಳ ಸುತ್ತುವುದು ಬೇಡವಾಗಿತ್ತೇನೋ. ಒಂದೇ ಮನೆಯಲ್ಲಿ ಇದ್ದೇವೆ, ಇವತ್ತಿಗೂ ಆ ಒಂದು ಮಾತನ್ನು ಮತ್ತೆ ಎತ್ತಿಲ್ಲ. ಊರಿಗೆ ಬಂದು ಆ ಮೂಗುಗಳನ್ನು ಮತ್ತೆ ನೋಡಬೇಕಾ ಅಂತ ಯೋಚನೆ ಮಾಡುತ್ತಿದ್ದೇನೆ.

ಕೆಹಕಶಾನ್

---

ಅಕ್ಕೂರು
೨೦ ಫೆಬ್ರವರಿ ೨೦೨೫

ಕೆಹಕಶಾನ್,

ಪುಟ ಬಂತು. ಏನು ಚೆನ್ನಾಗಿ ಬರೀತೀಯೆ! ಅವ್ವನಿಗೆ ಓದಿ ಹೇಳಿದೆ. ಸೆರಗಿನ ಸಾಲು ಬಂದಾಗ "ಅಯ್ಯೋ ಮುಂಡೇವಾ, ಅದು ನಮ್ಮವ್ವ ಕೊಡ್ಸಿದ್ ಸೀರೆ ಕಣ್ರೇ" ಅಂತ ಹೊಸದಾಗಿ ಬೈದಳು. ಬೈದು ಮುಗಿಸಿ ಒಸಿ ಕಣ್ಣೊರೆಸಿಕೊಂಡಳು.

ನಿನಗೆ ಹೇಳಬೇಕಾದ್ದು ಒಂದಿದೆ. ಕೆರೆಗೆ ನೀರು ಬಂದಿದೆ ಕಣೇ. ನಾವು ರಾಕೆಟ್ ನಿಲ್ಲಿಸುತ್ತಿದ್ದ ಜಾಗದ ಮೇಲೆ ಈಗ ಆಳುದ್ದ ನೀರು. ಹೊಲಗಳಿಗೆ ಒಳ್ಳೆಯದೇ ಆಯಿತು, ಬೋರುಗಳಲ್ಲಿ ನೀರು ಮೇಲೆ ಬಂದಿದೆ, ಹಿಪ್ಪುನೇರಳೆ ಸೊಪ್ಪು ಕಪ್ಪಗೆ ಬೆಳೆದಿದೆ. ಆದರೂ ಸಂಜೆ ಏರಿಯ ಮೇಲೆ ನಿಂತಾಗ ನೀರಿನ ಅಡಿಯಲ್ಲಿ ನಮ್ಮ ಕೂಗಾಟವೆಲ್ಲ ಹಾಗೇ ಇದೆ ಅನ್ನಿಸುತ್ತೆ. ಬೆಳ್ಳಕ್ಕಿಗಳು ಕೂರುತ್ತವೆ. ನಾನು ಸುಮ್ಮನೆ ನಿಂತಿದ್ದು ಮನೆಗೆ ಬರುತ್ತೇನೆ. ಈಗ ನಾವು ಹಾರಿಸುವುದು ರಾಗಿ ಕೊಯ್ದ ನಮ್ಮ ಹೊಲದಲ್ಲಿ.

ಪುಟದಲ್ಲಿ ಕೊನೆಯ ಎರಡು ಸಾಲು, ಆ ಕತ್ತಿಗೆ ಬಣ್ಣದ ಮಾತು, ಅದನ್ನು ಬಿಟ್ಟು ಓದಲಾ? ಸುಮ್ಮನೆ ಉದ್ದ ಆಗುತ್ತೆ ಅಂತ. ಬೇರೇನಿಲ್ಲ.

ಚಾಚಾರ ಬಗ್ಗೆ ನೀನು ಬರೆದದ್ದಕ್ಕೆ ಏನು ಹೇಳಲಿ? ಅವರಿಗೆ ಮನಸ್ಸಿರಲಿಲ್ಲ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಅಷ್ಟು ಹೇಳಬಲ್ಲೆ.

ಭಾನು

---

ಬೀದರ್
೮ ಮಾರ್ಚ್ ೨೦೨೫

ಭಾನುಪ್ರಿಯ,

ರಂಜಾನಿನ ರೋಜಾ ಇಟ್ಟುಕೊಂಡು ಬರೆಯುತ್ತಿದ್ದೇನೆ. ಸಿಟ್ಟು ಮಾಡಬಾರದು. ಅದಕ್ಕೇ ಮೂರು ಸಲ ಹರಿದು ಹಾಕಿ ನಾಲ್ಕನೆಯ ಸಲ ಬರೆಯುತ್ತಿದ್ದೇನೆ.

ಉದ್ದ ಆಗುತ್ತೆ ಅಂದೆಯಲ್ಲ. ಎರಡು ಸಾಲು. ಆ ಎರಡು ಸಾಲಿನಲ್ಲಿ ಇರುವುದು ಅಬ್ಬಾನ ಬಣ್ಣ. ಬೇರೆ ಏನನ್ನಾದರೂ ಬಿಡು ಅಂದಿದ್ದರೆ ಬಿಡುತ್ತಿದ್ದೆ, ಆಡು, ಜಾಲಿ, ಸೀರೆ. ಕ್ಲಬ್ಬಿನ ಕಥೆ ಹೇಳುವಾಗ ಎಲ್ಲರೂ ಸರ್ ಹೆಸರು ಹೇಳುತ್ತಾರೆ, ನಿನ್ನ ಹೆಸರು ಹೇಳುತ್ತಾರೆ. ಆಟಿಕೆ ಮಾಡುವ ಮನುಷ್ಯನ ಹೆಸರು ಮೂಗಿನ ಜೊತೆಗೇ ಕಳಚಿಬೀಳುತ್ತೆ. ಅವರು ಜೀವ ಇಟ್ಟು ಮಾಡಿದ್ದು ಒಂದೇ ಒಂದು. ಅದನ್ನು ಮಕ್ಕಳು ಕೇಳಲಿ ಅಂತ ಆಸೆಪಟ್ಟೆ. ನಿನಗೆ ಅದು ಉದ್ದ ಆಯಿತು.

ಕೆರೆ ತುಂಬಿದ್ದು ಕೇಳಿ ಸಂತೋಷ. ಇಡೀ ಓದುವುದಾದರೆ ಓದು, ಇಲ್ಲದಿದ್ದರೆ ಪುಟವನ್ನು ವಾಪಸ್ ಕಳಿಸು. ಮೇ ತಿಂಗಳಿಗೆ ನಮ್ಮನ್ನು ಕಾಯಬೇಡ.

ಕೆಹಕಶಾನ್

---

ಅಕ್ಕೂರು
೧೯ ಮಾರ್ಚ್ ೨೦೨೫

ಸಿಡುಕಿ ಕೆಹಕಶಾನ್‌ಗೆ,

ಸಮಾರಂಭಕ್ಕೆ ಕಾಯದೆ ಮೊನ್ನೆ ಭಾನುವಾರವೇ ಮಕ್ಕಳಿಗೆ ಇಡೀ ಓದಿದೆ. ಕೊನೆಯ ಎರಡು ಸಾಲನ್ನು ಎರಡು ಸಲ ಓದಿದೆ. ಮಕ್ಕಳು ಚಪ್ಪಾಳೆ ಹೊಡೆದರು, ಧನುಶ್ರೀ ಪುಟವನ್ನು ಕಿತ್ತುಕೊಂಡು ಮತ್ತೆ ಓದಿಕೊಂಡಳು. ರೇಣುಕಾಪ್ರಸಾದ್ ಸರ್ ಮಾತ್ರ ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು, ನನ್ನ ಮುಖ ನೋಡಲಿಲ್ಲ.

ಅಂದುಕೊಂಡದ್ದನ್ನೆಲ್ಲ ಬರೆಯುವ ಧೈರ್ಯ ನಿನಗಿದೆ. ನನಗಿಲ್ಲ. ಹಬ್ಬದ ಶಾವಿಗೆಯಲ್ಲಿ ನಮ್ಮ ಪಾಲು ಎತ್ತಿಡು.

ಭಾನು

---

ಅಕ್ಕೂರು
೬ ಏಪ್ರಿಲ್ ೨೦೨೫

ಕೆಹಕಶಾನ್,

ಇದನ್ನು ಕೂತು ಓದು. ಯಾರಿಗೂ ಏನೂ ಆಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮೊನ್ನೆ ನಾನು ರೇಷ್ಮೆಗೂಡು ಹಾಕಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೋಗಿದ್ದೆ. ಸರ್ ಹೊಲದಲ್ಲಿ ಮಕ್ಕಳ ಜೊತೆ ಇದ್ದರು. ಧನುಶ್ರೀ ಪಟ್ಟಣದ ಒಂದು ಆಟಿಕೆ ಕಾರ್ಖಾನೆಯಲ್ಲಿ ಹೊಸ ಮೂಗು ಮಾಡಿಸಿ ತಂದು, ಅವರಿಗೂ ತೋರಿಸದೆ ಮೊದಲೇ ಕೊಳವೆಗೆ ಕೂರಿಸಿಟ್ಟಿದ್ದಳು, ಸಮಾರಂಭಕ್ಕೆ ಮುಂಚೆ ಎಲ್ಲರನ್ನೂ ಬೆರಗು ಮಾಡಬೇಕು ಅಂತ. ಕೆಂಪು, ಹಳದಿ, ಮತ್ತೆ ಕೆಂಪು. ಕತ್ತಿನ ತನಕ ಬಣ್ಣ, ನೀನು ಬರೆದ ಹಾಗೇ. ಬಿಸಿಲು ಸುಡುತ್ತಿತ್ತು. ರಾಕೆಟ್ ಮೇಲೆ ಹೋಯಿತು. ಮೂಗು ಬಿಡಲಿಲ್ಲ. ಪ್ಯಾರಾಚೂಟ್ ಒಳಗೇ ಉಳಿಯಿತು. ತಲೆಕೆಳಗಾಗಿ ಬಂದು, ಬದುವಿನಲ್ಲಿ ಸೊಪ್ಪು ಕೊಯ್ಯುತ್ತಿದ್ದ ಅವ್ವನ ಪಕ್ಕದ ಬಿದಿರಿನ ಮಂಕರಿಗೆ ನಾಟಿತು. ಮಂಕರಿ ಸೀಳಿಹೋಯಿತು. ಅವ್ವ ಕೂತಲ್ಲೇ ಕೂತಿದ್ದಳಂತೆ, ಕುಡುಗೋಲು ಕೈಯಲ್ಲೇ ಇತ್ತಂತೆ. ನಾನು ಬಂದಾಗ "ಏನಿಲ್ಲ ಕಣವ್ವ, ಮಂಕರಿ ಹೋಯ್ತು ಅಷ್ಟೇ" ಅಂದಳು. ಅವಳ ಕೈ ಹಿಡಿದುಕೊಂಡೆ, ತಣ್ಣಗಿತ್ತು.

ಧನುಶ್ರೀ ಅಳುತ್ತಾ ಬಂದು, "ಅಕ್ಕ, ಪುಟದಲ್ಲಿ ಬರ್ದಂಗೇ ಮಾಡ್ಸಿದ್ದೆ, ಯಾಕೆ ಬಿಚ್ಕೊಳ್ನಿಲ್ಲ?" ಅಂದಳು. ಅವಳಿಗೆ ಉತ್ತರ ಕೊಡಬೇಕಾಯಿತು. ಅವಳಿಗೆ ಕೊಟ್ಟ ಮೇಲೆ ನಿನಗೆ ಕೊಡದೆ ಇರಲಾರೆ.

ನಮ್ಮ ಮೊದಲ ರಾಕೆಟ್ಟೂ ಬಿಚ್ಚಿಕೊಳ್ಳಲಿಲ್ಲ ಕೆಹಕಶಾನ್.

ಆವತ್ತು ಬೆಳಿಗ್ಗೆಯೇ ಹಾರಿಸಬೇಕಿತ್ತು. ದಾಸಪ್ಪಣ್ಣನ ಮನೆಯಲ್ಲಿ ಹುಳ ಇನ್ನೂ ಪೂರ್ತಿ ಚಂದ್ರಿಕೆಗೆ ಹತ್ತಿರಲಿಲ್ಲ. "ತಡ್ಕಳ್ರಪ್ಪ, ನಿಮ್ ಹೊಗೆ ಬಂದು ನನ್ ಹುಳ ಕೆಟ್ಟೋದ್ರೆ ಯಾರ್ ಹೊಣೆ?" ಅಂದ. ಅವನು ಹೂಂ ಅನ್ನುವ ತನಕ ಕಾದೆವು. ರಾಕೆಟ್ ಕೆರೆಯಂಗಳದಲ್ಲಿ ಏಪ್ರಿಲ್ ಬಿಸಿಲಿಗೆ ನಿಂತೇ ಇತ್ತು. ಚಾಚಾ ಹತ್ತು ಸಲ ಹೋಗಿ ಮೂಗನ್ನು ಟವಲಿನಿಂದ ಒರೆಸಿ ಬಂದರು. ಒಳಗೆ ಕತ್ತಿನ ಅರಗು ಬಿಸಿಗೆ ಮೆತ್ತಗಾಗಿ ರಟ್ಟಿಗೆ ಅಂಟಿಕೊಂಡದ್ದು ನಮಗೆ ಯಾರಿಗೆ ಗೊತ್ತು? ಬೇರೆ ಊರಿನವರಾಗಿದ್ದರೆ ಕತ್ತಿಗೆ ಬಣ್ಣ ಹಚ್ಚುತ್ತಲೇ ಇರಲಿಲ್ಲ. ಮರದ ಒಂದು ಬೆರಳು ಜಾಗವನ್ನೂ ಬೋಳು ಬಿಟ್ಟು ಕೊಟ್ಟವರಲ್ಲ ನಿಮ್ಮಪ್ಪ. ರಾಕೆಟ್ ಮೇಲೆ ಹೋಗಿ, ಹೊಟ್ಟೆಯೊಳಗೆ ಪುಸ್ ಅಂದು, ಮೂಗು ಬಿಡದೆ, ಹಾಗೇ ತಿರುಗಿ ಬಂದು ಮಣ್ಣಿನಲ್ಲಿ ಹೂತುಹೋಯಿತು.

ಚಾಚಾ ನಡೆದುಕೊಂಡು ಹೋಗಿ ಕೈಯಿಂದಲೇ ಅಗೆದು ತೆಗೆದರು. ಮೂಗನ್ನು ತಿರುವಿದರು, ಎಳೆದರು, ಬರಲಿಲ್ಲ. ಅಲ್ಲೇ ಕೂತುಬಿಟ್ಟರು. ಸರ್ ಸಮಾಧಾನ ಹೇಳಲು ಹೋದರೆ ಕೈ ಅಡ್ಡ ಹಿಡಿದರು. ಆಮೇಲೆ ನಮ್ಮೆಲ್ಲರ ಮುಖ ನೋಡಿ, "ಮಗಳಿಗೆ ಜ್ವರ ಐತೆ, ಈಗ ಯಾರೂ ಹೇಳ್ಬೇಡಿ. ವಾಸಿಯಾಗ್ಲಿ, ನಾನೇ ಹೇಳ್ತೀನಿ" ಅಂದರು. ನಾವು ಒಪ್ಪಿದೆವು.

ನೀನು ವಾಸಿಯಾಗಿ ಬಂದೆ. ಮೈಮೇಲೆ ಇನ್ನೂ ಕಲೆಗಳಿದ್ದವು. ಬಂದವಳೇ ಆ ರಾಕೆಟ್ ಹೇಗೆ ಇಳಿಯಿತು ಅಂತ ನಮಗೇ ಕೈ ಆಡಿಸಿ ಹೇಳಿದೆ, ದುಪಟ್ಟಾದಂತೆ ನಿಂತಿತು ಅಂತ. ಚಾಚಾ ಹೇಳುತ್ತಾರೆ ಅಂತ ಕಾದೆವು, ಅವರು ಹೇಳಲಿಲ್ಲ. ಆಮೇಲೆ ನಿನ್ನ ಮಾತು ಕೇಳಿ ಕೇಳಿ ನಮ್ಮ ಕಣ್ಣಿಗೂ ಅದೇ ಕಾಣತೊಡಗಿತು. ನಿಜ ಹೇಳುತ್ತೇನೆ, ಈಗಲೂ ಕೆರೆ ಏರಿಯ ಮೇಲೆ ನಿಂತರೆ ನನಗೆ ಕಾಣುವುದು ಬಿದ್ದ ರಾಕೆಟ್ ಅಲ್ಲ, ನಿನ್ನದೇ.

ಆಮೇಲಿನ ಮೂಗುಗಳ ಕತ್ತು ಯಾಕೆ ಬೋಳಾಗಿತ್ತು ಅಂತ ಇನ್ನು ನಾನು ಹೇಳಬೇಕಾ? ಬಣ್ಣ ಹಚ್ಚದ ಮರವನ್ನು ಕೈಯಿಂದ ದಾಟಿಸುವುದು ಅವರಿಗೆ ಎಷ್ಟು ಕಷ್ಟ ಅಂತ ನಿನಗೇ ಗೊತ್ತು. ನಿನ್ನ ರಾಕೆಟ್ ಬೀಳಬಾರದು ಅಂತ ಅದನ್ನು ನುಂಗಿಕೊಂಡರು. ಫೆಬ್ರವರಿಯ ನಿನ್ನ ಕಾಗದದಲ್ಲಿ ಆ ಸಾಲು ಓದಿದಾಗಲೇ ನಾನು ಬರೆಯಬೇಕಿತ್ತು. ನಿನ್ನ ಆ ಚಂದದ ಇಳಿತವನ್ನು ಹಾಳುಮಾಡಲು ಕೈ ಬರಲಿಲ್ಲ.

ಭಾನು

---

ಅಕ್ಕೂರು
೨೭ ಏಪ್ರಿಲ್ ೨೦೨೫

ಕೆಹಕಶಾನ್,

ಕಾಗದ ತಲುಪಿತಾ? ಪೋಸ್ಟ್‌ಮ್ಯಾನ್ ದಾರಿಯಲ್ಲಿ ಸಿಕ್ಕರೆ ಸೈಕಲ್ ನಿಲ್ಲಿಸುತ್ತೇನೆ. "ಬೀದರಿಂದ ಏನೂ ಇಲ್ಲ ಕಣಕ್ಕ" ಅಂತ ನಾನು ಬಾಯಿ ತೆರೆಯುವ ಮೊದಲೇ ಹೇಳಿಬಿಡುತ್ತಾನೆ.

ಬೈದು ಬರಿ. ಎರಡು ಪುಟ ಬೈ. ಫೋನ್ ಮಾಡಿ ಕೂಗಾಡಿದರೂ ಸರಿ, ಈ ಸಲ ನಾನು ಇಡುವುದಿಲ್ಲ. ಅವ್ವ ಮೂರು ಹೊತ್ತೂ ನನ್ನನ್ನೇ ಬೈಯುತ್ತಾಳೆ: "ಆ ಮಗೀನ್ ಮನ್ಸು ಮುರ್ದ್‌ಬುಟ್ಟೆ. ಅಪ್ಪ ಹೇಳಿದ್ ಮಾತು ಮಗಳಿಗೆ ಇದ್ದಿದ್ರೆ ನಿನ್ಗೇನಾಗ್ತಿತ್ತು?" ಮಂಕರಿ ಸೀಳಿದ್ದು ಅವಳಿಗೆ ಮರೆತೇಹೋಗಿದೆ.

ಹದಿನೆಂಟಕ್ಕೆ ಹಾರಿಸಲು ಧನುಶ್ರೀ ಇನ್ನೊಂದು ಮೂಗು ಮಾಡಿಸಿದ್ದಾಳೆ. ಕತ್ತು ಬೋಳು. ಸರ್ ಅದನ್ನು ತೆಗೆದು ಹಾಕಿ, ತೆಗೆದು ಹಾಕಿ ನೋಡಿದರು, ಸಲೀಸಾಗಿ ಬರುತ್ತೆ. ನೀನು ಬರುವುದಿಲ್ಲ ಅಂತಾದರೂ ಒಂದು ಸಾಲು ಬರಿ. ಹೀಗೆ ಸುಮ್ಮನಿರಬೇಡ. ನಿನ್ನ ಮೌನ ನನಗೆ ತಡೆಯಲು ಆಗುವುದಿಲ್ಲ.

ಭಾನು

---

ಬೀದರ್
೫ ಮೇ ೨೦೨೫

ಭಾನು,

ಎರಡೂ ಕಾಗದ ತಲುಪಿವೆ.

ಮೊದಲು ಕೆಂಚಮ್ಮನವರ ಕಾಲು ಹಿಡಿದುಕೊಂಡೆ ಅಂತ ಹೇಳು. ನಾನು ಬರೆದ ಸಾಲು ಅವರ ತಲೆಯ ಪಕ್ಕ ಬಂದು ಬಿತ್ತಲ್ಲ, ಅದನ್ನು ನೆನೆಸಿಕೊಂಡರೆ ಊಟ ಇಳಿಯುವುದಿಲ್ಲ. ಧನುಶ್ರೀಗೆ ಹೇಳು, ಅವಳದೇನೂ ತಪ್ಪಿಲ್ಲ.

ಹೌದು, ಸಿಟ್ಟು ಬಂದಿತ್ತು. ರಾಕೆಟ್ ಬಿದ್ದದ್ದಕ್ಕಲ್ಲ. ಹದಿನೈದು ವರ್ಷ ನಾನು ಅಬ್ಬಾನ ಮೇಲೆ ಒಳಗೊಳಗೇ ಮುನಿಸಿಕೊಂಡಿದ್ದೆನಲ್ಲ, ಅದನ್ನು ಬಿಡಿಸುವ ಮಾತು ನಿನ್ನ ಹತ್ತಿರ ಇತ್ತು, ನೀನು ಸುಮ್ಮನಿದ್ದೆ ಅಂತ. ಆಮೇಲೆ ಯೋಚನೆ ಮಾಡಿದೆ. ಮುನಿಸು ಇದೆ ಅಂತ ನಾನು ನಿನಗೆ ಹೇಳಿದ್ದೇ ಈ ಫೆಬ್ರವರಿಯಲ್ಲಿ. ಹೇಳದೇ ಇದ್ದದ್ದಕ್ಕೆ ನೀನು ಉತ್ತರ ಕೊಡಬೇಕು ಅಂದರೆ ಹೇಗೆ? ಸರಿ, ಬೈಗುಳ ಮುಗಿಯಿತು.

ಬಹಳ ದಿನ ಅಬ್ಬಾಗೆ ಏನೂ ಹೇಳಲಿಲ್ಲ. ಅವರು ಬಿದರಿ ಅಂಗಡಿಗೆ ಹೋಗಿಬರುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಅವರು ತಾವಾಗಿ ಕೊಟ್ಟ ಒಂದು ಚಂದವನ್ನು ವಾಪಸ್ ಹಿಡಿದು, ಇದು ಸುಳ್ಳು ಅಂತ ಹೇಳಲೇ? ಮನಸ್ಸು ಒಪ್ಪಲಿಲ್ಲ. ಹೇಳದೆ ಇದ್ದರೆ ಆ ಬೋಳು ಕತ್ತಿನ ಕಾರಣ ನನಗೆ ಗೊತ್ತಾಗಿದೆ ಅಂತ ಅವರಿಗೆ ಗೊತ್ತಾಗುವುದೇ ಇಲ್ಲ. ನಾನು ಆವತ್ತು ಸಿಟ್ಟಿನಲ್ಲಿ ಆಡಿದ ಮಾತು ಅವರ ಎದೆಯಲ್ಲಿ ಹಾಗೇ ಉಳಿದುಬಿಡುತ್ತೆ. ಎರಡನೆಯದೇ ನನಗೆ ಹೆಚ್ಚು ನೋವು ಅನ್ನಿಸಿತು.

ನಿನ್ನೆ ಸಂಜೆ ಅಮ್ಮಿ ಚಹಾ ತಂದುಕೊಟ್ಟಳು. ಮೂವರೂ ಮೆಟ್ಟಿಲ ಮೇಲೆ ಕೂತಿದ್ದೆವು. ಕೇಳಿಬಿಟ್ಟೆ.

"ಅಬ್ಬಾ, ನನ್ನ ಮೂಗುಗಳ ಕತ್ತಿಗೆ ಯಾಕೆ ಬಣ್ಣ ಹಚ್ತಿರಲಿಲ್ಲ?"

ಲೋಟ ಕೆಳಗಿಟ್ಟರು. "ಹಚ್ಚಿದ್ರೆ ಅಂಟ್ಕೊಳ್ತದೆ. ಬಿಡೋದಿಲ್ಲ."

"ಮೊದಲನೇದು ಬಿಡ್ಲಿಲ್ವಾ?"

ಅಮ್ಮಿಯ ಕಡೆ ನೋಡಿದರು. ಅವಳು ಸೆರಗು ಸರಿಮಾಡಿಕೊಂಡು ಬೇರೆ ಕಡೆ ತಿರುಗಿದಳು. ಅವಳಿಗೂ ಗೊತ್ತಿತ್ತು ನೋಡು! ಇಡೀ ತಾಲ್ಲೂಕಿಗೆ ಗೊತ್ತಿತ್ತು, ನನಗೊಬ್ಬಳಿಗೆ ಬಿಟ್ಟು.

"ನಿನ್ಗೆ ಜ್ವರ ಇತ್ತು" ಅಂದರು ಅಬ್ಬಾ. ಅಷ್ಟೇ ಕಾರಣ ಅನ್ನುವ ಹಾಗೆ. ಲೋಟ ಮತ್ತೆ ಕೈಗೆತ್ತಿಕೊಂಡು ಹೇಳಿದರು, "ಬಾಗಿಲ ಹತ್ರ ಬಂದಾಗ ನಿಜ ಹೇಳ್ಬೇಕು ಅಂತ್ಲೇ ಇದ್ದೆ. ನೀನು ತಲೆ ಎತ್ತಿ, 'ಹಾರ್ತಾ ಅಬ್ಬಾ?' ಅಂದೆ. ಕಣ್ಣು ಹಂಗಿತ್ತು. ಬಾಯಿಗೆ ಬಂದಿದ್ದು ಹೇಳ್ದೆ. ಆಮೇಲೆ ನೀನೇ ಊರೆಲ್ಲಾ ಹೇಳ್ಕೊಂಡ್ ಬಂದೆ. ನಾನೆಂಗೆ ಎತ್ಕೊಳ್ಳಿ ವಾಪಸ್?"

ನಾನು ಅತ್ತೆ ಭಾನು. ಅವರ ಆ ನಡುಗುವ ಕೈ ಹಿಡಿದುಕೊಂಡು ಅತ್ತೆ. ಆವತ್ತು ಆಡಿದ ಮಾತಿಗೆ ಮಾಫಿ ಕೇಳಿದೆ. "ಯಾವ್ ಮಾತು?" ಅಂದರು. ನಿಜವಾಗಿ ಮರೆತಿದ್ದರೋ, ಇದೂ ಇನ್ನೊಂದು ಸುಳ್ಳೋ, ಗೊತ್ತಾಗಲಿಲ್ಲ. ಕೇಳಲಿಲ್ಲ.

ಕಣ್ಣೊರೆಸಿಕೊಂಡು ತಮಾಷೆಗೆ ಅಂದೆ, "ಹೋಗಲಿ, ಎರಡನೇದಂತೂ ನಾವಿಬ್ಬರೂ ಪಕ್ಕಪಕ್ಕ ನಿಂತು ನೋಡಿದೆವಲ್ಲ. ನೀವು ಹೇಳಿದ ಹಾಗೇ ಇಳೀತಾ ಇಲ್ವಾ?" ನಿನಗೆ ನೆನಪಿರಬೇಕು, ಆ ಜೂನ್ ತಿಂಗಳು, ಮೋಡ ಕಟ್ಟಿದ್ದ ದಿನ. ನಾವೆಲ್ಲ ಕುಣಿದಾಡಿದ್ದೆವು.

ಅಬ್ಬಾ ತಲೆ ಅಲ್ಲಾಡಿಸಿದರು. "ನಾನು ಮೇಲೆ ನೋಡ್ಲೇ ಇಲ್ಲ ಬೇಟಿ."

"ಮತ್ತೆ?"

"ಭಯ ಆಗಿತ್ತು. ನಾನು ಅಷ್ಟು ದೊಡ್ಡದಾಗಿ ಹೇಳ್ಬಿಟ್ಟಿದ್ದೆ, ಅಷ್ಟು ಚೆನ್ನಾಗಿ ಬಿಚ್ಕೊಳ್ದೆ ಹೋದ್ರೆ ಅಂತ. ನಿನ್ನ ಮುಖಾನೇ ನೋಡ್ತಾ ಇದ್ದೆ. ನೀನು ನಕ್ಕೆ. ಸದ್ಯ ಅಂತ ನಾನು ಕಾರ್ಖಾನೆಗೆ ಹೊರಟೆ, ಆರ್ಡರ್ ಇತ್ತು."

ಆಮೇಲೆ ಅವರು ಕೆರೆಯಂಗಳಕ್ಕೆ ಬರಲೇ ಇಲ್ಲ, ನಿನಗೆ ಗೊತ್ತಲ್ಲ. ಕೆಲಸ, ಕೆಲಸ. ಮೂಗು ಮಾಡಿ ಕೊಡುತ್ತಿದ್ದರು, ನಾವು ತಂದು ಹಾರಿಸುತ್ತಿದ್ದೆವು. ಅಂದರೆ ನನಗೆ ಅಷ್ಟು ಚಂದ ತೋರಿಸಿದ ಮನುಷ್ಯ ಇವತ್ತಿನವರೆಗೂ ಒಂದೇ ಒಂದು ಪ್ಯಾರಾಚೂಟ್ ಬಿಚ್ಚಿಕೊಂಡದ್ದನ್ನು ಕಣ್ಣಾರೆ ನೋಡಿಲ್ಲ.

ನಾನು ಬರೆದ ಪುಟದಿಂದ ಕೊನೆಯ ಎರಡು ಸಾಲನ್ನು ಹೊಡೆದುಹಾಕು. ಉಳಿದದ್ದು ಹಾಗೇ ಇರಲಿ, ಅದರ ಕೆಳಗೆ ರಾಕೆಟ್ ಬಿದ್ದದ್ದನ್ನೂ ನೀನು ಬರೆ. ಎರಡನ್ನೂ ಓದಿ ಹೇಳಬಹುದು ಅಂತ ಅಬ್ಬಾ ಒಪ್ಪಿದ್ದಾರೆ.

ಹದಿನಾರಕ್ಕೆ ಹೊರಡುತ್ತೇವೆ, ಮೂವರೂ. ಅಬ್ಬಾಗೆ ದೂರದ್ದು ಈಗ ಮಂಜು ಮಂಜು, ಬಿಸಿಲೇರಿದರೆ ಕಣ್ಣು ಬಿಡಲು ಆಗುವುದಿಲ್ಲ. ಹುಳದ ಮನೆಗಳಿಗೆಲ್ಲ ಹಿಂದಿನ ದಿನವೇ ಹೋಗಿ ಕೇಳಿಬಂದಿರು, ಬೆಳಿಗ್ಗೆ ತಂಪಿನಲ್ಲೇ ಹಾರಿಸೋಣ. ಪ್ಯಾರಾಚೂಟ್ ಆದಷ್ಟು ದೊಡ್ಡದಿರಲಿ. ಕೆಂಪು ಬಟ್ಟೆ ಹಾಕಿ, ಅವರಿಗೆ ಕಾಣಬೇಕು.

ನಿನ್ನ
ಕೆಹಕಶಾನ್